ಸಂಜೆಗೆ ಮುಚ್ಚುವಷ್ಟೇ ಒಡೆಯಿರಿ

ಛಾವಣಿ ದುರಸ್ತಿ ನಡೆಯುವಾಗ ಅದೇ ಮನೆಯಲ್ಲಿ ಇರಬೇಕಾದವರಿಗೆ ಒಂದಿಷ್ಟು ತಿಳಿವಳಿಕೆ

ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಮೂರೂವರೆ. ಪುಣೆಯ ಮಗರಪಟ್ಟಾದ ನಮ್ಮ ಮನೆಯ ತಾರಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗದ ಹಳೆಯ ಕೋಬಾ, ಅಂದರೆ ಸ್ಲ್ಯಾಬಿನ ಮೇಲಿನ ಇಟ್ಟಿಗೆಚೂರು, ಗಾರೆಯ ಪದರ, ಒಡೆದು ತೆಗೆದಾಗಿತ್ತು. ಬರಿಯ ಸ್ಲ್ಯಾಬು ಬಿಸಿಲಿಗೆ ಕಾಯುತ್ತಿತ್ತು. ಬುಟ್ಟಿಗೆ ಇಟ್ಟಿಗೆಚೂರು ತುಂಬುತ್ತಿದ್ದ ಇಂಡಿ ತಾಲ್ಲೂಕಿನ ಹೆಣ್ಣುಮಗಳು ಪೂರ್ವದ ಕಡೆ ತಲೆಯೆತ್ತಿ ನೋಡಿ, “ಯಕ್ಕಾ, ಮಳಿ ಬರಾಕತ್ತೈತ್ರಿ. ತಾಡಪತ್ರಿ ಎಲ್ಲಿ ಅದಾವು?” ಎಂದಳು. ಇದ್ದದ್ದು ಎರಡು ತಾಡಪತ್ರಿ. ಬೇಕಾಗಿದ್ದದ್ದು ಐದು.

ಮೊದಲು ಧೂಳೆಬ್ಬಿಸುತ್ತ ಗಾಳಿ ಬಂತು, ಹಿಂದೆಯೇ ಮಳೆ. ಇಪ್ಪತ್ತೇ ನಿಮಿಷ ಸುರಿದು ನಿಂತಿತು. ಅಷ್ಟರಲ್ಲಿ ಮಲಗುವ ಕೋಣೆಯ ಫ್ಯಾನಿನ ಕೊಕ್ಕೆಯಿಂದ ನೀರು ದಾರದಂತೆ ಇಳಿಯತೊಡಗಿತ್ತು. ಹಾಸಿಗೆ, ಗೋಡೆ, ಕಪಾಟಿನ ಮೇಲಿನ ಪುಸ್ತಕಗಳೆಲ್ಲ ತೊಯ್ದವು. ಬೇಗ ಮುಗಿಯಲಿ ಎಂದು ಎರಡು ದಿನದ ಕೆಲಸವನ್ನು ಒಂದೇ ದಿನ ಒಡೆಯಲು ಒಪ್ಪಿದವಳು ನಾನೇ. ಆ ಸಂಜೆ ಕಲಿತ ಪಾಠವೇ ಈ ಲೇಖನದ ತಲೆಬರಹ. ಮುಂದೆ ಬರೆದಿರುವ ಎಲ್ಲ ಸೂಚನೆಗಳೂ ಆ ಒಂದು ಮಾತನ್ನು ಪಾಲಿಸುವ ದಾರಿಗಳು.

ಮಗರಪಟ್ಟಾದಲ್ಲಿ ಛಾವಣಿ ಸೋರುವ ವಿಷಯ ಈಗ ಮನೆಮನೆಯ ಮಾತು. ಹಡಪ್ಸರದ ಸುಮಾರು 120 ರೈತ ಕುಟುಂಬಗಳು ಹೊಲ ಮಾರಿ ಚದುರಿಹೋಗದೆ, ಸತೀಶ್ ಮಗರ್ ಅವರ ಮುಂದಾಳತ್ವದಲ್ಲಿ ಒಟ್ಟಾಗಿ ಸುಮಾರು 400 ಎಕರೆಯ ಈ ನಗರವನ್ನು ಕಟ್ಟಿಕೊಂಡವು. ಕಟ್ಟಡಗಳು ಏಳತೊಡಗಿದ್ದು 2000ದ ಸುಮಾರಿಗೆ. ಅಂದರೆ ಮೊದಲ ಕಟ್ಟಡಗಳಿಗೆ ಇಪ್ಪತ್ತು ದಾಟಿದೆ. ಸ್ಲ್ಯಾಬಿಗೆ ಆ ವಯಸ್ಸು ಹೆಚ್ಚಲ್ಲ. ಅದರ ಮೇಲಿನ ನೀರುತಡೆ ಪದರಕ್ಕೆ ಹೆಚ್ಚು. ಕೊನೆಯ ಮಹಡಿಯವರಿಗೆ, ಸಾಲುಮನೆಯವರಿಗೆ, ಪಡುವಣಕ್ಕೆ ಮರವೂ ಕಟ್ಟಡವೂ ಅಡ್ಡವಿಲ್ಲದೆ ಗಾಳಿಮಳೆಗೆ ಮೈಯೊಡ್ಡಿ ನಿಂತ ಮನೆಗಳವರಿಗೆ ಇದು ಮೊದಲು ಗೊತ್ತಾಗುತ್ತದೆ.

ನೀರು ಎಲ್ಲಿಂದ ಬರುತ್ತಿದೆ?

ಒದ್ದೆ ಕಂಡ ಜಾಗದ ನೇರ ಮೇಲೆಯೇ ಬಿರುಕು ಇರಬೇಕೆಂದಿಲ್ಲ. ಕೋಬಾದ ಒಳಗೆ ಹೊಕ್ಕ ನೀರು ಸ್ಲ್ಯಾಬಿನ ಮೇಲೆ ಹರಿದು, ವೈರಿನ ಪೈಪು ಸಿಕ್ಕಲ್ಲಿ ಅದರೊಳಗಿಳಿದು, ಹತ್ತು ಅಡಿ ದೂರದ ಫ್ಯಾನಿನ ಕೊಕ್ಕೆಯಲ್ಲಿ ತೊಟ್ಟಿಕ್ಕಬಹುದು. ಆದ್ದರಿಂದ ಗುತ್ತಿಗೆದಾರನನ್ನು ಕರೆಯುವ ಮೊದಲು ಒಂದು ಮಳೆಗಾಲವಿಡೀ ಗಮನಿಸಿ. ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ.

ವರ್ಷವಿಡೀ ಒದ್ದೆಯಿದ್ದರೆ ಅನುಮಾನ ಮೊದಲು ನೀರಿನ ಟ್ಯಾಂಕು, ಪೈಪಿನ ಮೇಲೆ ಹೋಗಬೇಕು. ಗಾಳಿಯೊಂದಿಗೆ ಬರುವ ಇರಚಲು ಮಳೆಯಲ್ಲಿ ಮಾತ್ರ ಕಾಣಿಸಿಕೊಂಡರೆ ಪ್ಯಾರಪೆಟ್ ಗೋಡೆಯ ಅಥವಾ ಹೊರಗೋಡೆಯ ಬಿರುಕು ಕಾರಣವಾಗಿರಬಹುದು. ಇಡೀ ತಾರಸಿ ಒಡೆದರೂ ಅದು ನಿಲ್ಲದು. ಮಳೆ ನಿಂತು ನಾಲ್ಕು ದಿನವಾದರೂ ತೊಟ್ಟಿಕ್ಕುತ್ತಿದ್ದರೆ ಕೋಬಾ ಸ್ಪಂಜಿನಂತೆ ನೀರು ಕುಡಿದು ಕೂತಿದೆ ಎಂದರ್ಥ. ಆಗ ಮೇಲೆ ಬಳಿಯುವ ಬಣ್ಣದಂಥ ಲೇಪಗಳು ಒಂದು ಮಳೆಗಾಲ ತಳ್ಳಬಹುದು, ಅಷ್ಟೇ. ಒಡೆದು ಹೊಸದಾಗಿ ಮಾಡುವುದೇ ಸರಿ.

ಬೇಸಿಗೆಯಲ್ಲಿ ಪರೀಕ್ಷೆ ಮಾಡುವುದಾದರೆ ತಾರಸಿಯನ್ನು ಮೂರು ಇಂಚಿನ ಗಾರೆಯ ಬದುಗಳಿಂದ ಭಾಗ ಮಾಡಿ, ಒಂದೊಂದರಲ್ಲಿ ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಕಾಯಿರಿ. ಯಾವ ಭಾಗದಲ್ಲಿ ನೀರಿದ್ದಾಗ ಕೆಳಗೆ ಒದ್ದೆ ಮೂಡುತ್ತದೋ ಅದೇ ತಪ್ಪಿತಸ್ಥ.

ಸ್ಲ್ಯಾಬಿನ ತಳಭಾಗವನ್ನೂ ನೋಡಿ. ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುವುದು, ತುಕ್ಕಿನ ಕೆಂಪು ಗೆರೆ ಮೂಡಿರುವುದು, ಗಿಲಾವು ಉದುರಿ ಕಬ್ಬಿಣದ ಸರಳು ಕಾಣುವುದು ಇವು ಬರೀ ಸೋರಿಕೆಯ ಗುರುತುಗಳಲ್ಲ. ಇವುಗಳಲ್ಲಿ ಒಂದು ಕಂಡರೂ ನೀರುತಡೆಯವರನ್ನು ಕರೆಯುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ. ಮಹಾರಾಷ್ಟ್ರದ ಸಹಕಾರಿ ಗೃಹಸಂಘಗಳ ಮಾದರಿ ಉಪವಿಧಿಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಗಳಿಗೆ ಐದು ವರ್ಷಕ್ಕೊಮ್ಮೆ, 30 ದಾಟಿದವಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ನಿಮ್ಮ ಸೊಸೈಟಿಯ ಕೊನೆಯ ಆಡಿಟ್ ವರದಿಯನ್ನು ಕೇಳಿ ಪಡೆಯಿರಿ. ನಿಮ್ಮ ಛಾವಣಿಯ ಬಗ್ಗೆ ಅದರಲ್ಲಿ ಆಗಲೇ ಬರೆದಿರಬಹುದು.

ಯಾರ ಛಾವಣಿ, ಯಾರ ಖರ್ಚು

ಅದೇ ಮಾದರಿ ಉಪವಿಧಿಗಳಂತೆ ಸಾಮಾನ್ಯ ತಾರಸಿ, ಪ್ಯಾರಪೆಟ್ ಗೋಡೆ, ಛಾವಣಿಯ ರಾಚನಿಕ ದುರಸ್ತಿ, ಮಳೆನೀರಿನ ಸೋರಿಕೆ ಇವೆಲ್ಲ ಸಂಘದ ಖರ್ಚು. ಬಚ್ಚಲು, ಶೌಚಾಲಯ, ಸಿಂಕಿನಿಂದ ಆಗುವ ಒಳಗಿನ ಸೋರಿಕೆ ಸದಸ್ಯರದು. ನಿಮ್ಮದು ಸಹಕಾರಿ ಸಂಘವಾಗಿರದೆ ಅಪಾರ್ಟ್‌ಮೆಂಟ್ ಕಾಂಡೊಮಿನಿಯಂ ಆಗಿದ್ದರೆ ನೋಂದಾಯಿಸಿದ ಡೀಡಿನಲ್ಲಿ ಇರುವುದೇ ನಿಯಮ. ಸ್ವಂತ ಸಾಲುಮನೆಯವರು ಖರ್ಚು ತಾವೇ ಹೊತ್ತರೂ ಕೆಲಸದ ಸಮಯ, ಲಾರಿಯ ಪ್ರವೇಶ, ಕೆಲಸಗಾರರ ಗೇಟ್ ಪಾಸಿಗೆ ಸೊಸೈಟಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ತಾರಸಿಯ ಮೇಲೆ ಹೊಸದಾಗಿ ಶೆಡ್ಡು ಕಟ್ಟುವ ಯೋಚನೆಯಿದ್ದರೆ ಪಾಲಿಕೆಯ ಅನುಮತಿಯ ವಿಚಾರ ಮೊದಲೇ ಇತ್ಯರ್ಥವಾಗಲಿ.

ಪಂಚಾಂಗವನ್ನು ಹಿಂದಿನಿಂದ ಎಣಿಸಿ

ನಮ್ಮ ಹಿರಿಯರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಲೆಕ್ಕ ಹಾಕುತ್ತಿದ್ದರು. ಛಾವಣಿ ಕೆಲಸಕ್ಕೆ ಇವತ್ತಿಗೂ ಅದು ಒಳ್ಳೆಯ ಲೆಕ್ಕ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಏಪ್ರಿಲ್ ಕೊನೆಯಿಂದ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕಾ, ಮೇ 25ರ ಸುಮಾರಿಗೆ ರೋಹಿಣಿ, ಜೂನ್ ಮೊದಲ ವಾರ ದಾಟುತ್ತಲೇ ಮಿರಗ, ಅಂದರೆ ಮೃಗಶಿರಾ. ಪುಣೆಯವರು ವಳೀವ್ ಎನ್ನುವ ಗುಡುಗುಮಳೆ ಈ ಅಶ್ವಿನಿ, ಭರಣಿಯ ದಿನಗಳಲ್ಲೇ ಬೀಳುವುದು. ಅದು ಬಂದರೆ ಮಧ್ಯಾಹ್ನದ ಮೇಲೆ, ಹೆಚ್ಚಾಗಿ ಪೂರ್ವದಿಂದ, ಜೋರು ಗಾಳಿಯೊಂದಿಗೆ. ಹೊಲಕ್ಕೆ ಒಳ್ಳೆಯದಾದ ಭರಣಿ ಮಳೆ ತೆರೆದ ಸ್ಲ್ಯಾಬಿಗೆ ಒಳ್ಳೆಯದಲ್ಲ.

ಮುಂಗಾರು ಪುಣೆ ಮುಟ್ಟುವುದು ಸಾಮಾನ್ಯವಾಗಿ ಜೂನ್ ಎರಡನೇ ವಾರದ ಹೊತ್ತಿಗೆ. ಆದರೆ 2025ರಲ್ಲಿ ಮೇ 26ಕ್ಕೇ ಬಂದಿಳಿಯಿತು. ಜೂನ್ ಹತ್ತಕ್ಕೆ ಮುಗಿಸಿದರಾಯಿತು ಎಂದು ಕೂತವರಿಗೆ ಆ ವರ್ಷ ಎರಡು ವಾರ ಕೈತಪ್ಪಿತು. ಹಾಗಾಗಿ ಮೇ 15ನ್ನು ಕೊನೆಯ ದಿನವೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ.

ಸಾವಿರ ಚದರಡಿ ತಾರಸಿಯನ್ನು ಎರಡು ಭಾಗ ಮಾಡಿ, ಕೈಯಿಂದಲೇ ಒಡೆದು ಕೋಬಾ ಹಾಕಿಸುವುದಾದರೆ ಒಟ್ಟಾರೆ ಲೆಕ್ಕ ಹೀಗಿರುತ್ತದೆ:

- ಒಡೆದು ತೆಗೆಯುವುದು, ಸಾಗಿಸುವುದು: 6 ದಿನ
- ಸ್ಲ್ಯಾಬಿನ ಬಿರುಕು ತುಂಬುವುದು, ಒಣಗಿಸುವುದು: 4 ದಿನ
- ಮೊದಲ ನೀರುತಡೆ ಲೇಪ, ಅದರ ಮೇಲೆ ನೀರು ನಿಲ್ಲಿಸಿ ಪರೀಕ್ಷೆ: 6 ದಿನ
- ಇಟ್ಟಿಗೆಚೂರಿನ ಕೋಬಾ: 6 ದಿನ
- ನೀರುಣಿಸುವುದು: 7ರಿಂದ 10 ದಿನ
- ಮೇಲಿನ ಹೊದಿಕೆ, ಕೊನೆಯ ಪರೀಕ್ಷೆ: 6 ದಿನ

ಇದು ಹೆಚ್ಚುಕಡಿಮೆ ಐದೂವರೆ ವಾರ. ಹಬ್ಬ, ಸಾಮಾನಿನ ತಡ, ಕೆಲಸಗಾರರ ಊರಿನ ದಾರಿ ಸೇರಿದರೆ ಏಳು ವಾರ. ಪುಣೆಯ ಕಟ್ಟಡ ಕೆಲಸದಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು ಬಹಳ ಮಂದಿ. ಹೋಳಿಯಾದ ಐದನೇ ದಿನಕ್ಕೆ ಕಲಬುರಗಿಯ ಶರಣಬಸವೇಶ್ವರರ ತೇರು, ಅದರ ಹಿಂದೆ ಯುಗಾದಿ. ಆ ದಿನಗಳಲ್ಲಿ ಅವರು ಊರಿಗೆ ಹೋಗುವುದು ನ್ಯಾಯವೇ. ನಿಮ್ಮ ಲೆಕ್ಕದಲ್ಲಿ ಅದನ್ನು ಮೊದಲೇ ಹಿಡಿದಿರಬೇಕು. ಸಂಕ್ರಾಂತಿ ಮುಗಿದ ವಾರವೇ ಸುತ್ತಿಗೆ ಎತ್ತಿಸಿದರೆ ಅಶ್ವಿನಿ ಮಳೆಗೆ ಮೊದಲೇ ನಿಶ್ಚಿಂತರಾಗಬಹುದು. ನಾವು ಶುರು ಮಾಡಿದ್ದು ಏಪ್ರಿಲಿನಲ್ಲಿ. ಉಳಿದ ಎಲ್ಲ ಪೇಚಾಟಕ್ಕೂ ಬೇರು ಅದೇ.

ಯಾವ ವಿಧಾನ?

ಪುಣೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇಟ್ಟಿಗೆಚೂರಿನ ಕೋಬಾ. ಚೂರುಗಳನ್ನು ಗಾರೆಯಲ್ಲಿ ಜೋಡಿಸಿ, ಮಳೆನೀರಿನ ಬಾಯಿಯತ್ತ ಇಳಿಜಾರು ಕೊಟ್ಟು, ಮೇಲೆ ಸಿಮೆಂಟು ಅಥವಾ ಚೈನಾ ಮೊಸಾಯಿಕ್ ಹಾಕುತ್ತಾರೆ. ಬಿಸಿಲಿನ ಝಳವನ್ನೂ ಅದು ತುಸು ತಡೆಯುತ್ತದೆ. ದೋಷವೆಂದರೆ ಭಾರ, ಮತ್ತು ಒಮ್ಮೆ ನೀರು ಒಳಹೊಕ್ಕರೆ ಸುಲಭವಾಗಿ ಆರುವುದಿಲ್ಲ. ಡಾಂಬರಿನ ಹಾಳೆಯನ್ನು ಗ್ಯಾಸಿನ ಬೆಂಕಿಯಿಂದ ಅಂಟಿಸುವುದು ಇನ್ನೊಂದು ವಿಧಾನ. ಬೇಗ ಮುಗಿಯುತ್ತದೆ, ಆದರೆ ಜೋಡಣೆಗಳೇ ಅದರ ದುರ್ಬಲ ಜಾಗ. ಮೂರನೆಯದು ಪಾಲಿಯುರೆಥೇನ್‌ನಂಥ ದ್ರವಲೇಪ. ಹಗುರ, ಜೋಡಣೆಯಿಲ್ಲ, ಆದರೆ ಸ್ಲ್ಯಾಬು ಪೂರ್ತಿ ಒಣಗಿರದಿದ್ದರೆ ಗುಳ್ಳೆ ಎದ್ದು ಸುಲಿಯುತ್ತದೆ.

ಯಾವುದನ್ನೇ ಆರಿಸಿ, ಎರಡು ಕಡೆ ಕಣ್ಣಿಟ್ಟಿರಿ. ಇಳಿಜಾರು ನೂರಕ್ಕೆ ಒಂದರಂತೆ ಇರಬೇಕು, ಅಂದರೆ ಹತ್ತು ಅಡಿಗೆ ಸುಮಾರು ಒಂದೂಕಾಲು ಇಂಚು. ತಾರಸಿ ಪ್ಯಾರಪೆಟ್ ಗೋಡೆಯನ್ನು ಕೂಡುವ ಮೂಲೆಯನ್ನು ಗೋಲಾಕಾರವಾಗಿ ತುಂಬಿಸಿ, ನೀರುತಡೆ ಪದರವನ್ನು ಗೋಡೆಯ ಮೇಲೆ ಒಂದಡಿಯಾದರೂ ಏರಿಸಬೇಕು. ಗಾಳಿಗೆ ತೆರೆದ ಮನೆಯಲ್ಲಿ ಇರಚಲು ಹೊಡೆಯುವುದೇ ಆ ಮೂಲೆಗೆ.

ಮೇಲ್ಪದರ ಬಿಳಿಯದಾಗಿರಲಿ. ಹವಾಮಾನ ಇಲಾಖೆ ಪುಣೆಯಲ್ಲಿ ಉಷ್ಣಾಂಶ ದಾಖಲಿಸುವ ಜಾಗಗಳಲ್ಲಿ ಮಗರಪಟ್ಟಾವೂ ಒಂದು. ರಾತ್ರಿಯ ಉಷ್ಣಾಂಶ ಇಲ್ಲಿ ನಗರದ ಇತರ ಭಾಗಗಳಿಗಿಂತ ಹೆಚ್ಚಾಗಿರುವುದು ಮತ್ತೆ ಮತ್ತೆ ಕಂಡಿದೆ. ಹಗಲು ಕುಡಿದ ಬಿಸಿಲನ್ನು ಸ್ಲ್ಯಾಬು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಬಿಳಿ ತಾರಸಿ ಅಷ್ಟರಮಟ್ಟಿಗೆ ನಿದ್ದೆ ಉಳಿಸುತ್ತದೆ.

ಕರಾರಿನಲ್ಲಿ ಬರೆಸಲೇಬೇಕಾದವು

ಮೊದಲು ಅಳತೆಯ ಭಾಷೆ ಒಂದಾಗಲಿ. ನಮ್ಮ ಕಡೆ ನೂರು ಚದರಡಿಗೆ ಒಂದು ಚದರ ಎನ್ನುತ್ತೇವೆ. ಪುಣೆಯಲ್ಲಿ ಅದಕ್ಕೆ ಬ್ರಾಸ್ ಎನ್ನುತ್ತಾರೆ; ಮರಳು, ಇಟ್ಟಿಗೆಚೂರಿನ ನೂರು ಘನ ಅಡಿಗೂ ಬ್ರಾಸ್ ಎಂದೇ ಹೆಸರು. ಯಾವುದು ಎಂದು ಬರಹದಲ್ಲಿ ಸ್ಪಷ್ಟವಾಗಿರಲಿ. ಪ್ಯಾರಪೆಟ್ ಗೋಡೆಯ ಒಳಮೈ ಅಳತೆಯಲ್ಲಿ ಸೇರಿದೆಯೋ ಇಲ್ಲವೋ ಎಂಬುದೂ ಇರಲಿ.

ಆಮೇಲೆ ಇವು: ಬಳಸುವ ಸಾಮಾನಿನ ಕಂಪನಿ ಮತ್ತು ಹೆಸರು, ಎಷ್ಟು ಕೋಟು, ಪ್ರತಿ ಕೋಟಿಗೆ ಎಷ್ಟು ಲೀಟರ್, ಕೋಬಾದ ಸರಾಸರಿ ದಪ್ಪ, ಅವಶೇಷ ಸಾಗಿಸುವ ಹೊಣೆ, ನೀರು ನಿಲ್ಲಿಸುವ ಪರೀಕ್ಷೆ ಎಷ್ಟು ಸಲ, ಎಷ್ಟು ಗಂಟೆ, ಖಾತರಿಯ ವರ್ಷ, ಅದನ್ನು ಕೊಡುವವರ ಸಹಿ. ಇವುಗಳ ಜೊತೆಗೆ ಬಹಳ ಮಂದಿ ಮರೆಯುವ ಎರಡು ಸಾಲು ಸೇರಿಸಿ. ‘ದಿನಕ್ಕೆ ಒಡೆಯುವ ಭಾಗವು ಆ ಸಂಜೆ ತಾಡಪತ್ರಿಯಿಂದ ಮುಚ್ಚಲಾಗುವಷ್ಟೇ ಇರತಕ್ಕದ್ದು.’ ‘ತೆರೆದ ಭಾಗಕ್ಕೆ ಬೇಕಾದ ತಾಡಪತ್ರಿಗಳು ಒಡೆಯುವ ಮೊದಲೇ ಸ್ಥಳದಲ್ಲಿರತಕ್ಕದ್ದು.’

ಹಣವನ್ನು ಹಂತಹಂತವಾಗಿ ಕೊಡಿ. ಹತ್ತರಲ್ಲೊಂದು ಪಾಲನ್ನಾದರೂ ಮೊದಲ ಮಳೆಗಾಲ ಮುಗಿಯುವವರೆಗೆ ಹಿಡಿದಿಡುವುದಾಗಿ ಆರಂಭದಲ್ಲೇ ಹೇಳಿ ಒಪ್ಪಿಸಿ. ಪ್ರತಿ ಪದರ ಮುಚ್ಚಿಹೋಗುವ ಮೊದಲು ಫೋಟೊ ತೆಗೆಯಿರಿ.

ತೆರೆಯುವ ಕ್ರಮ

ತಾರಸಿಯನ್ನು ಎರಡು ಅಥವಾ ಮೂರು ಭಾಗ ಮಾಡಿ. ಒಂದು ಭಾಗ ಒಡೆದು, ಬಿರುಕು ತುಂಬಿ, ಮೊದಲ ನೀರುತಡೆ ಲೇಪ ಬೀಳುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ಮಳೆನೀರಿನ ಬಾಯಿಯಿಂದ ದೂರದ, ಎತ್ತರದ ಭಾಗದಿಂದ ಶುರು ಮಾಡಿದರೆ ನೀರು ಹೊರಹೋಗುವ ದಾರಿ ಕೊನೆಯವರೆಗೂ ಉಳಿಯುತ್ತದೆ. ಒಡೆಯುವಾಗ ಪೈಪಿನ ಬಾಯಿಗೆ ಗೋಣಿ ತುರುಕಿ. ಕಲ್ಲುಚೂರು ಒಳಬಿದ್ದರೆ ಮುಂದಿನ ಮಳೆಗೆ ತಾರಸಿ ಕೆರೆಯಾಗುತ್ತದೆ. ಸಂಜೆ ಮುಚ್ಚುವ ಹೊತ್ತಿಗೆ ಗೋಣಿಯನ್ನು ತೆಗೆಯಲು ಮರೆಯಬೇಡಿ.

ನಮ್ಮಲ್ಲಿ ನೀರಿಳಿದ ಆ ಮಧ್ಯಾಹ್ನ, ಮಳೆ ಹನಿಯುತ್ತಿದ್ದಾಗಲೇ ಆ ಹೆಣ್ಣುಮಗಳು ಮಾಡಿದ ಒಂದು ಕೆಲಸ ನನ್ನ ಕಣ್ಣಿಗೆ ಕಟ್ಟಿದಂತಿದೆ. “ಮದಲ ನೀರಿಗೆ ಬದು ಹಾಕ್ರಿ” ಎನ್ನುತ್ತ, ಕಲಸಿಟ್ಟಿದ್ದ ಗಾರೆಯನ್ನು ಬೊಗಸೆಯಲ್ಲಿ ಎತ್ತಿ, ಒಡೆದ ಭಾಗಕ್ಕೂ ಒಡೆಯದ ಭಾಗಕ್ಕೂ ನಡುವೆ ಸಾಲಾಗಿ ಸುರಿದು ಅಂಗೈಯಿಂದ ಒತ್ತುತ್ತ ಹೋದಳು. ಮೂರು ಇಂಚು ಎತ್ತರ, ಹನ್ನೆರಡು ಅಡಿ ಉದ್ದ. ಹೊಲದಲ್ಲಿ ಮಣ್ಣು ಏರಿಸುವ ಕೈಯೇ ಅದು. ಒಡೆಯದ ಕಡೆ ಬಿದ್ದ ನೀರೆಲ್ಲ ಬದುವಿಗೆ ತಾಗಿ ಪೈಪಿನತ್ತ ತಿರುಗಿತು. ಅದಿಲ್ಲದಿದ್ದರೆ ಕೆಳಗಿಳಿದ ನೀರು ಎರಡು ಪಟ್ಟಾಗುತ್ತಿತ್ತು. ಮರುದಿನದಿಂದ ಬೆಳಿಗ್ಗೆ ಮೊದಲ ಕೆಲಸವೇ ಬದು; ಆಮೇಲೆ ಸುತ್ತಿಗೆ.

ತಾಡಪತ್ರಿ ಹೊದಿಸುವುದಕ್ಕೂ ರೀತಿಯಿದೆ. ನೆಲಕ್ಕೆ ಚಪ್ಪಟೆಯಾಗಿ ಹಾಸಿದರೆ ನೀರು ನಿಂತು ಜೋಡಣೆಯಲ್ಲಿ ಇಳಿಯುತ್ತದೆ. ನಡುವೆ ಬಿದಿರು ಅಥವಾ ಹಗ್ಗ ಎಳೆದು ಬೆನ್ನು ಮಾಡಿ, ಎರಡೂ ಕಡೆ ಇಳಿಜಾರು ಕೊಡಿ. ಒಂದರ ಮೇಲೊಂದು ಒಂದಡಿಯಾದರೂ ಏರಿರಲಿ. ಹೆಂಚು ಹೊದಿಸಿದಂತೆ ಮೇಲಿನದರ ಅಂಚು ಕೆಳಗಿನದರ ಮೇಲೆ. ಹೊರ ಅಂಚನ್ನು ಪ್ಯಾರಪೆಟ್ ಗೋಡೆಯ ಮೇಲಿಂದ ಆಚೆ ಇಳಿಬಿಟ್ಟು ಕಟ್ಟಿ. ಗಾಳಿಗೆ ಬಿಡಿ ಇಟ್ಟಿಗೆ ಇಟ್ಟರೆ ಅದು ಕೆಳಗಿರುವವರ ತಲೆಗೆ ಅಪಾಯ. ಮರಳಿನ ಚೀಲಗಳೇ ಸರಿ. ವಳೀವ್ ಗಾಳಿ ಪೂರ್ವದಿಂದ ನುಗ್ಗಿದರೆ ಮುಂಗಾರಿನ ಗಾಳಿ ಪಡುವಣದಿಂದ. ಆಯಾ ತಿಂಗಳಿಗೆ ಆಯಾ ಕಡೆಯ ಅಂಚನ್ನು ಎರಡು ಪಟ್ಟು ಬಿಗಿಯಿರಿ.

ದಿನದ ನಿಯಮ ಒಂದೇ: ಮಧ್ಯಾಹ್ನ ಮೂರಕ್ಕೆ ಒಡೆಯುವುದು ನಿಲ್ಲಬೇಕು. ಉಳಿದ ಹೊತ್ತು ಚೂರು ಗುಡಿಸಲು, ಮುಚ್ಚಲು. ಆಕಾಶ ತಿಳಿಯಾಗಿದ್ದರೂ ಇದೇ ನಿಯಮ.

ಒಡೆದದ್ದರ ಭಾರ

ಸಾವಿರ ಚದರಡಿಯ ನಾಲ್ಕು ಇಂಚು ಕೋಬಾ ಎಂದರೆ 333 ಘನ ಅಡಿ. ತೂಕ ಹದಿನೇಳು, ಹದಿನೆಂಟು ಟನ್ನಿನ ಆಸುಪಾಸು. ಒಡೆದ ಮೇಲೆ ಸಡಿಲಾಗಿ ಐದು ಬ್ರಾಸ್‌ವರೆಗೂ ಉಬ್ಬುತ್ತದೆ. ಇದನ್ನೆಲ್ಲ ತಾರಸಿಯ ನಡುವೆ ಗುಡ್ಡೆ ಹಾಕಲು ಬಿಡಲೇಬೇಡಿ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 150 ಕಿಲೊ. ಸಡಿಲ ಚೂರು ಅಂಗೈಯಗಲ ಎತ್ತರಕ್ಕೆ ಬಂದರೆ ಅಷ್ಟು ಭಾರ ಆಗಿಬಿಡುತ್ತದೆ. ಸೊಂಟದೆತ್ತರದ ಗುಡ್ಡೆ ಅದರ ಎಂಟು ಪಟ್ಟು. ಚೀಲಕ್ಕೆ ತುಂಬಿ ಅಂದಂದೇ ಇಳಿಸಬೇಕು. ಇಳಿಸುವವರೆಗೆ ಗೋಡೆ, ತೊಲೆಗಳ ಮೇಲಿನ ಅಂಚಿನಲ್ಲಿ ಹರಡಿ ಇಡಬೇಕು. ದೊಡ್ಡ ಬ್ರೇಕರ್ ಯಂತ್ರ ಬೇಡ. ಅದು ಕೋಬಾದ ಜೊತೆ ಸ್ಲ್ಯಾಬನ್ನೂ ಬಿರುಕು ಬಿಡಿಸುತ್ತದೆ. ಸುತ್ತಿಗೆ, ಉಳಿ ನಿಧಾನವಾದರೂ ಸುರಕ್ಷಿತ.

ಪುಣೆಯವರು ರಾಡಾರೋಡಾ ಎನ್ನುವ ಈ ಅವಶೇಷವನ್ನು ಬೇರೆ ಕಸದೊಂದಿಗೆ ಬೆರೆಸದೆ ಪಾಲಿಕೆ ಗೊತ್ತುಮಾಡಿದ ಜಾಗಕ್ಕೆ ಮುಟ್ಟಿಸುವುದು ಅದನ್ನು ಹುಟ್ಟಿಸಿದವರ ಹೊಣೆ ಎಂದು ಕೇಂದ್ರ ಸರ್ಕಾರದ ನಿಯಮ 2016ರಿಂದ ಹೇಳುತ್ತ ಬಂದಿದೆ. ವಾಘೋಲಿಯಲ್ಲಿ ಪಾಲಿಕೆಯ ಸಂಸ್ಕರಣಾ ಘಟಕವಿದೆ. ಟ್ರ್ಯಾಕ್ಟರಿನವನು ರಾತ್ರಿ ಕಾಲುವೆಯ ದಂಡೆಗೋ ಖಾಲಿ ಸೈಟಿಗೋ ಸುರಿದು ಹೋದರೆ ಅದು ನಮ್ಮ ಛಾವಣಿಯ ಪಾಪ ಇನ್ನೊಬ್ಬರ ಅಂಗಳಕ್ಕೆ ಹೋದಂತೆ. ಎಲ್ಲಿ ಇಳಿಸಿದ ಎಂಬ ರಸೀದಿ ಕೇಳಿ ಪಡೆಯಿರಿ.

ಹಳೆಯ ಶೆಡ್ಡಿನ ಸಿಮೆಂಟು ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚು. ಅವನ್ನು ಒಡೆಯದೆ, ಕೊರೆಯದೆ, ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು. ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಟ್ಯಾಂಕು, ಸೌರ ಹೀಟರು

ಮಗರಪಟ್ಟಾದ ಛಾವಣಿಗಳ ಗುರುತೇ ಸೌರ ನೀರು ಹೀಟರು. ಬಹಳ ಕಡೆ ಸೋರಿಕೆ ಶುರುವಾಗುವುದೂ ಅದರ ಕಾಲಿಗೆ ಕೊರೆದ ಬೋಲ್ಟಿನ ತೂತಿನಿಂದ. ಕೆಲಸಕ್ಕೆ ಮೊದಲು ಅದನ್ನು ಖಾಲಿ ಮಾಡಿ ಬಿಚ್ಚಿಸಿ. ಮರಳಿ ಕೂರಿಸುವಾಗ ನೀರುತಡೆ ಪದರಕ್ಕೆ ತೂತು ಬೀಳದಂತೆ ಕಾಂಕ್ರೀಟಿನ ದಿಮ್ಮಿಗಳ ಮೇಲೆ ನಿಲ್ಲಿಸಲು ಹೇಳಿ. ಗಾಜಿನ ಕೊಳವೆಯ ಹೀಟರಾದರೆ ಇನ್ನೊಂದು ಎಚ್ಚರ: ಖಾಲಿ ಕೊಳವೆ ಬಿಸಿಲಿಗೆ ಕೆಂಡವಾಗಿರುತ್ತದೆ, ತಣ್ಣೀರು ತಾಗಿದರೆ ಒಡೆಯುತ್ತದೆ. ಬಟ್ಟೆ ಮುಚ್ಚಿಟ್ಟು, ಸೂರ್ಯ ಏರುವ ಮೊದಲು ನೀರು ತುಂಬಿಸಿ.

ಸಾವಿರ ಲೀಟರಿನ ಟ್ಯಾಂಕೆಂದರೆ ಒಂದು ಟನ್ ಭಾರ. ಖಾಲಿ ಮಾಡಿಯೇ ಸರಿಸಬೇಕು. ತಾತ್ಕಾಲಿಕವಾಗಿ ತೊಲೆಯ ಅಥವಾ ಕಂಬದ ಮೇಲೆ ಬರುವಂತೆ ಇಡಬೇಕು. ಆ ದಿನ ನಲ್ಲಿಯಲ್ಲಿ ನೀರಿರುವುದಿಲ್ಲ. ಹಿಂದಿನ ರಾತ್ರಿಯೇ ಕೊಡ, ಬಕೆಟ್ಟುಗಳನ್ನು ತುಂಬಿಡಿ.

ಕೆಳಗೆ ಮನೆಯಲ್ಲಿ

ಒಂದು ಕೋಣೆಯನ್ನು ಮನೆಯೊಳಗಿನ ಮನೆಯನ್ನಾಗಿ ಮಾಡಿಕೊಳ್ಳಿ. ಸಾಧ್ಯವಿದ್ದರೆ ಕೆಳಗಿನ ಮಹಡಿಯಲ್ಲಿ, ಇಲ್ಲವೆ ಆ ವಾರ ಒಡೆಯದ ಭಾಗದ ಕೆಳಗೆ. ಹಾಸಿಗೆ, ಔಷಧ, ಕಾಗದಪತ್ರ, ಲ್ಯಾಪ್‌ಟಾಪ್, ಒಂದು ವಾರದ ಬಟ್ಟೆ ಅಲ್ಲೇ ಇರಲಿ. ಬಾಗಿಲ ಸಂದಿಗೆ ಒದ್ದೆ ಟವೆಲ್ಲು. ಬೇರೆ ಕೋಣೆಗಳ ಸಾಮಾನನ್ನು ನಡುವೆ ಒಟ್ಟಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಟುಪಟ್ಟಿ ಹಾಕಿ. ಎಸಿಗೂ ಮುಸುಕು ಹಾಕಿ. ಅಡಿಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿ. ಈ ಬೇಸಿಗೆ ಹಪ್ಪಳ, ಸಂಡಿಗೆಗೆ ನೆಂಟರ ತಾರಸಿ ಹುಡುಕಿಕೊಳ್ಳಿ.

ಮೇಲೆ ಸುತ್ತಿಗೆ ಬಿದ್ದಾಗ ಕೆಳಗೆ ಗಿಲಾವಿನ ಚಕ್ಕೆಗಳು ಉದುರಬಹುದು. ಒಡೆಯುತ್ತಿರುವ ಭಾಗದ ಕೆಳಗಿನ ಕೋಣೆಯಲ್ಲಿ ಯಾರೂ ಕೂರಬಾರದು, ಮಲಗಬಾರದು. ಫ್ಯಾನು, ತೂಗುದೀಪಗಳನ್ನು ಬಿಚ್ಚಿಡಿ. ಆ ಕೋಣೆಯ ವಿದ್ಯುತ್ ಸರ್ಕ್ಯೂಟನ್ನು ಎಂಸಿಬಿಯಲ್ಲೇ ಆರಿಸಿ. ಸ್ವಿಚ್ಚು ಆರಿಸಿದರೆ ಸಾಲದು. ಸೋರಿಕೆ ವಿದ್ಯುತ್ತನ್ನು ತಡೆಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮನೆಯಲ್ಲಿ ಇಲ್ಲದಿದ್ದರೆ ಛಾವಣಿ ಮುಟ್ಟುವ ಮೊದಲು ಅದನ್ನು ಹಾಕಿಸಿ. ಕೊಕ್ಕೆಯಿಂದ ನೀರಿಳಿದ ದಿನ ನಮ್ಮನ್ನು ಕಾದದ್ದು ಅದೇ: ಯಾರೂ ಮುಟ್ಟುವ ಮೊದಲೇ ತಾನಾಗಿ ಕಡಿದುಕೊಂಡಿತ್ತು. ಎಲೆಕ್ಟ್ರಿಷಿಯನ್ ನೋಡಿ ಸರಿ ಎನ್ನುವವರೆಗೆ ತೊಯ್ದ ಸರ್ಕ್ಯೂಟನ್ನು ಹಾಕಬೇಡಿ.

ಇಟ್ಟಿಗೆ, ಸಿಮೆಂಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಒಡೆಯುವ ಮೊದಲು ಸ್ವಲ್ಪ ನೀರು ಚಿಮುಕಿಸಿದರೆ ಅರ್ಧ ಧೂಳು ಏಳುವುದಿಲ್ಲ. ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಅಸ್ತಮಾ ಇರುವವರು, ಬಾಣಂತಿ, ಪುಟ್ಟ ಮಕ್ಕಳು, ಎಂಬತ್ತು ದಾಟಿದವರು ಇದ್ದರೆ ಇಡೀ ಏಳು ವಾರ ಮನೆ ಬಿಡಬೇಕಿಲ್ಲ. ಒಡೆಯುವ ಆರು ದಿನ ಮತ್ತು ವಾಸನೆಯ ಲೇಪ ಹಚ್ಚುವ ಎರಡು ಮೂರು ದಿನ ನೆಂಟರ ಮನೆಗೆ ಕಳಿಸಿದರೆ ಸಾಕು. ಬೆಂಕಿಯಿಂದ ಹಾಳೆ ಅಂಟಿಸುವ ದಿನ ಗ್ಯಾಸ್ ಸಿಲಿಂಡರ್ ನೆರಳಿನಲ್ಲಿರಲಿ, ಅಗ್ನಿಶಾಮಕ ಉಪಕರಣ ಪಕ್ಕದಲ್ಲಿರಲಿ.

ಕೆಲಸದವರು, ನೆರೆಯವರು

ಏಪ್ರಿಲಿನ ಸ್ಲ್ಯಾಬಿನ ಮೇಲೆ ಬರಿಗಾಲಿಡಲಾಗುವುದಿಲ್ಲ. ಅಲ್ಲಿ ದಿನವಿಡೀ ನಿಲ್ಲುವವರಿಗೆ ನೆರಳಿಗೊಂದು ಹಸಿರು ಬಲೆ, ತಣ್ಣೀರಿನ ಮಡಕೆ, ಮಧ್ಯಾಹ್ನಕ್ಕೆ ಉಪ್ಪು ಹಾಕಿದ ಮಜ್ಜಿಗೆ, ಹೋಗಲೊಂದು ಶೌಚಾಲಯ ಇವು ಮನೆಯವರ ಜವಾಬ್ದಾರಿ. ಧೂಳಿಗೆ ಎನ್95 ಮುಸುಕು ನಮಗೆ ಬೇಕಾದರೆ ಅವರಿಗೆ ಮೊದಲು ಬೇಕು. ಪ್ಯಾರಪೆಟ್ ಅಂಚಿನಲ್ಲಿ ಸುರಕ್ಷತಾ ಪಟ್ಟಿಯಿಲ್ಲದೆ ಯಾರೂ ಕೆಲಸ ಮಾಡಬಾರದು. ಇದನ್ನು ಗುತ್ತಿಗೆದಾರನಿಗೆ ಬಿಡದೆ ನೀವೇ ನೋಡಿ. ಗೌಂಡಿಯೊಡನೆ ಕನ್ನಡದಲ್ಲಿ ಊರು ಕೇರಿ ಕೇಳಿ ಮಾತಾಡಿ. ಬದುವಿನಂಥ ಜಾಣ್ಮೆ ನಮಗೆ ಸಿಕ್ಕಿದ್ದು ಆ ಮಾತಿನ ಸಲುಗೆಯಿಂದ.

ನೆರೆಯವರಿಗೆ ಒಂದು ವಾರ ಮೊದಲೇ ತಿಳಿಸಿ, ಯಾವ ದಿನಗಳಲ್ಲಿ ಸದ್ದು ಹೆಚ್ಚು ಎಂದು ಬರೆದುಕೊಡಿ. ಫೆಬ್ರವರಿ, ಮಾರ್ಚ್ ಹತ್ತನೇ, ಹನ್ನೆರಡನೇ ತರಗತಿಯ ಪರೀಕ್ಷೆಗಳ ಕಾಲ. ಓದುವ ಮಗುವಿರುವ ಮನೆಯ ಗೋಡೆಗೆ ಅಂಟಿದ ಭಾಗವನ್ನು ಪರೀಕ್ಷೆ ಇಲ್ಲದ ದಿನ ಒಡೆಯಿರಿ. ಮಧ್ಯಾಹ್ನದ ಎರಡು ಗಂಟೆ ಸುತ್ತಿಗೆ ಸುಮ್ಮನಿದ್ದರೆ ನೆರೆಯವರಿಗೂ ನೆಮ್ಮದಿ, ಕೆಲಸದವರಿಗೂ ಬಿಸಿಲಿನಿಂದ ಬಿಡುವು.

ಕೊನೆಯ ಪರೀಕ್ಷೆ, ಆಮೇಲಿನ ಆರೈಕೆ

ಎಲ್ಲ ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ 72 ಗಂಟೆ ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಗೆರೆ ಎಳೆಯಿರಿ. ಬಿಸಿಲಿಗೆ ಆರುವಷ್ಟು ಇಳಿಯುವುದು ಸಹಜ. ಪಕ್ಕದಲ್ಲೊಂದು ನೀರು ತುಂಬಿದ ಪರಾತ ಇಟ್ಟರೆ ಆರಿದ್ದೆಷ್ಟು, ಸೋರಿದ್ದೆಷ್ಟು ಎಂದು ಹೋಲಿಸಬಹುದು. ಕೆಳಗೆ ಛಾವಣಿಯನ್ನು ಅಂಗೈಯಿಂದ ಸವರಿ ನೋಡಿ, ಮೂಲೆ ಮೂಲೆಗೆ ಟಾರ್ಚ್ ಹಿಡಿದು ನೋಡಿ. ಹಳೆಯ ಪೆನ್ಸಿಲ್ ಗೆರೆಗಳು ಆಗ ಕೆಲಸಕ್ಕೆ ಬರುತ್ತವೆ.

ಒಳಗಿನ ಬಣ್ಣಕ್ಕೆ ಅವಸರ ಬೇಡ. ತೇವ ಕುಡಿದ ಸ್ಲ್ಯಾಬು ಒಣಗಲು ಒಂದು ತಿಂಗಳಾದರೂ ಬೇಕು. ಒಂದು ಮಳೆಗಾಲ ಕಾದು ಬಳಿಸಿದರೆ ಇನ್ನೂ ಒಳ್ಳೆಯದು. ಹೊಸ ತಾರಸಿಗೆ ಡಿಶ್ ಆಂಟೆನಾಕ್ಕಾಗಲೀ ಬಟ್ಟೆ ಹಗ್ಗಕ್ಕಾಗಲೀ ತೂತು ಕೊರೆಯಬೇಡಿ. ಪ್ಯಾರಪೆಟ್ ಸಂದಿಯಲ್ಲಿ ಅಶ್ವತ್ಥದ ಸಸಿ ಎರಡೆಲೆ ಬಿಟ್ಟಾಗಲೇ ಬೇರುಸಹಿತ ಕೀಳಿ. ವರ್ಷಕ್ಕೊಮ್ಮೆ, ಮೇ ಮೊದಲ ವಾರ, ಮಳೆನೀರಿನ ಬಾಯಿ ಶುಚಿಮಾಡಿ ಒಂದು ಬಕೆಟ್ ನೀರು ಸುರಿದು ಹರಿವು ನೋಡಿ.

ಬಾಗಲಕೋಟೆ ಕಡೆಯ ನಮ್ಮ ಅಜ್ಜಿಯ ಮನೆಗೆ ಮಣ್ಣಿನ ಮಾಳಿಗೆ ಇತ್ತು. ಪ್ರತಿ ಬೇಸಿಗೆ, ರೋಹಿಣಿ ಹುಟ್ಟುವ ಮೊದಲೇ, ಅಜ್ಜಿ ಸವಳು ಮಣ್ಣು ತರಿಸಿ ಮಾಳಿಗೆಯ ಮೇಲೆ ಹರವಿ, ತಾನೇ ಏಣಿ ಹತ್ತಿ ತುಳಿದು ಗಟ್ಟಿ ಮಾಡುತ್ತಿದ್ದಳು. ಛಾವಣಿಗೆ ವರ್ಷಕ್ಕೊಮ್ಮೆ ಕೈ ತಾಗಬೇಕು ಎಂಬುದು ಆ ಮನೆಯಲ್ಲಿ ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ. ಕಾಂಕ್ರೀಟು ಬಂದ ಮೇಲೆ ನಾವು ಅದನ್ನು ಮರೆತೆವು. ಇಪ್ಪತ್ತು ವರ್ಷ ತಲೆಯೆತ್ತಿ ನೋಡದೆ, ಸೋರತೊಡಗಿದಾಗ ಒಂದೇ ಸಲ ಎಲ್ಲ ಒಡೆದೆವು.

ಆ ವರ್ಷ ಮಿರಗ ಬಂದಾಗ ನಾನು ಕೋಣೆಯಲ್ಲಿ ದೀಪ ಹಾಕಿ ಫ್ಯಾನಿನ ಕೊಕ್ಕೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆ. ಹೊರಗೆ ಪಡುವಣ ಗಾಳಿ ಕಿಟಕಿಗೆ ಮಳೆ ಎರಚುತ್ತಿತ್ತು. ಒಂದು ಗಂಟೆಯ ಮೇಲೆ ಎದ್ದು, ಕೊಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಒಣಗಿತ್ತು. ಐದೂ ತಾಡಪತ್ರಿಗಳನ್ನು ಮಡಿಸಿ ಅಟ್ಟದ ಮೇಲಿಟ್ಟಿದ್ದೇನೆ. ನೆರೆಯಲ್ಲಿ ಯಾರ ಮನೆಯ ಛಾವಣಿ ಕೆಲಸ ಶುರುವಾದರೂ ಮೊದಲ ಸುತ್ತಿಗೆ ಬೀಳುವ ಮುಂಚೆ ಅವು ಅಲ್ಲಿಗೆ ಹೋಗುತ್ತವೆ.